ಬಸಳೆ ಚಪ್ಪರದ ಕೆಳಗೆ

ಕಾರವಾರದ ಆಸ್ಪತ್ರೆಗೆ ಒಯ್ಯಲು ಎತ್ತಿನ ಗಾಡಿ ಬಂದು ನಿಂತಾಗ ಹುಲಿಯಾ ಗುಡಿಸಲಿನ ಕಂಬ ಹಿಡಿದವನು ಬಿಡಲೇ ಇಲ್ಲ. ಬ್ರಿಟಿಷ್ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಜೈಲಿಗೆ ಹೋದವನು ರಕ್ತ ಕಾರುವ ಕೆಮ್ಮು ಹೊತ್ತು ಹಟ್ಟಿಕೇರಿಗೆ ಮರಳಿದ್ದ. ಅಷ್ಟರಲ್ಲಿ ಗದ್ದೆ ಹರಾಜಾಗಿ ಹೋಗಿತ್ತು.

"ಏಳಿ, ಹೋಗ್ವ. ಗಾಡಿಯವ ಕಾಯ್ತೇ ಇದ್ದ," ಎಂದಳು ಹೆಂಡತಿ ಬೀರಿ.

"ಕಾರವಾರ ಬ್ಯಾಡ. ಜೈಲಲ್ಲಿ ಒಂದು ಹಸಿರೆಲೆ ಕಣ್ಣಿಗೆ ಬೀಳ್ಲಿಲ್ಲ. ನನ್ನ ಚಾಪೆ ಬಸಳೆ ಚಪ್ಪರದ ಬುಡಕ್ಕೆ ಹಾಸು."

"ಮದ್ದು ಬ್ಯಾಡ್ವಾ?"

"ಮದ್ದಿನ ಹೊತ್ತು ಮುಗೀತು. ನಿಂಗೂ ಗೊತ್ತುಂಟು."

ಗೊತ್ತಿತ್ತು. ಗಾಡಿಯವನಿಗೆ ಹೋಗೆಂದು ಕೈಸನ್ನೆ ಮಾಡಿ, ಗಂಡನನ್ನು ತೋಳಿಗೆ ಆನಿಸಿಕೊಂಡು ಹಿತ್ತಲಿಗೆ ಒಯ್ದು, ಚಪ್ಪರದ ಕೆಳಗೆ ಚಾಪೆ ಹಾಸಿದಳು. ಅಂಗಾತ ಮಲಗಿದ ಅವನ ಬತ್ತಿದ ಎದೆಯ ಮೇಲೆ ಎಲೆಗಳ ಹಸಿರು ಬೆಳಕು ಬಿತ್ತು.

"ಇಷ್ಟೇ ಇದ್ರೂ ಬದುಕ್ಬಹುದಿತ್ತು, ಬೀರಿ," ಎಂದ.

ಬೀರಿ ಅವನ ಪಕ್ಕ ಕುಳಿತು ತಲೆಯೆತ್ತಿದಳು. ದಿನಾ ಗಂಜಿಗೆಂದು ಕೊಯ್ದ ಎಲೆಗಳೇ. ಬಿಸಿಲಿಗೆ ಅವುಗಳ ಒಳಗಿನ ನರವೆಲ್ಲ ಕಾಣುತ್ತಿತ್ತು. ಇಷ್ಟು ಚಂದವೆಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಗಾಡಿ ರಸ್ತೆಯ ತಿರುವು ದಾಟುವ ಸದ್ದು ಕೇಳಿತು. ಅವಳು ಕೂಗಿ ಕರೆಯಲಿಲ್ಲ.