ಅಕ್ಷರವಿಲ್ಲದ ಪರದೆ

"ಏನಂತಾಳೆ ಅವಳು?" ಎಂದು ಪರದೆಯ ಮೇಲೆ ಹಾಡುತ್ತಿದ್ದ ನಾಯಕಿಯನ್ನು ತೋರಿಸಿ ಅಪ್ಪನ ಬೆರಳುಗಳು ಮತ್ತೆ ಕೇಳಿದವು. ಕಿವಿ ಕೇಳದ ಆ ಬಡಗಿಗೂ ಅವನ ಮಗಳಿಗೂ ಮಾತೆಲ್ಲ ಕೈಯಲ್ಲೇ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಎಲ್ಲರಿಗಿಂತ ಮೊದಲು ಓದಿ ನಗುತ್ತಿದ್ದವನು ಅವನು. ಈ ಹೊಸ ಹಾಲಿವುಡ್ ಚಿತ್ರದಲ್ಲಿ ಅಕ್ಷರವೇ ಇಲ್ಲ, ಬಾಯಿ ತೆರೆದರೆ ಹಾಡು. ಊರಿಗೆ ಊರೇ ಮುಗಿಬಿದ್ದಿತ್ತು. ಅವನೊಬ್ಬ ಮಾತ್ರ ಮುಳ್ಳಿನ ಮೇಲೆ ಕೂತವನಂತೆ ಮಿಸುಕಾಡುತ್ತಿದ್ದ.

"ನೀನಂದ್ರೆ ಪ್ರಾಣ ಅಂತಾಳೆ," ಎಂದು ಮಗಳು ಕೈಸನ್ನೆ ಮಾಡಿದಳು.

"ಅಷ್ಟು ಹೇಳೋಕೆ ಇಷ್ಟು ಹೊತ್ತಾ?"

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಪರದೆ ನೋಡಿದರೆ ಅಪ್ಪನಿಗೆ ಹೇಳಲಾಗದು, ಹೇಳುತ್ತ ಕೂತರೆ ಕುಣಿತ ತಪ್ಪಿಹೋಗುತ್ತದೆ. "ಕೈ ಇಳಿಸಮ್ಮಾ, ಏನೂ ಕಾಣ್ತಿಲ್ಲ!" ಎಂದು ಹಿಂದಿನವರು ಗದರಿದರು. ಅಪ್ಪ ತಿರುಗಿ ಅವರ ಮುಖ ನೋಡಿದ, ಮಗಳ ಮುಖ ನೋಡಿದ. ಅವಳ ಎರಡೂ ಕೈಗಳನ್ನು ತನ್ನ ಒರಟು ಅಂಗೈಗಳ ನಡುವೆ ಮುಚ್ಚಿಟ್ಟುಕೊಂಡು, ನೀನು ನೋಡು ಎಂದು ಗಲ್ಲದಿಂದಲೇ ಪರದೆ ತೋರಿಸಿದ.

ಅವಳು ನೋಡಿದಳು. ಇಪ್ಪತ್ತು ಹುಡುಗಿಯರು ಬೂಟು ಕುಟ್ಟುತ್ತ ಮೆಟ್ಟಿಲಿಳಿದರು. ಆ ಟಕಟಕ ಸದ್ದಿನಲ್ಲಿ ಅವಳು ಅಪ್ಪನನ್ನು ಮರೆತೇಬಿಟ್ಟಳು. ಹಾಡು ನಿಂತು ಜನ ಚಪ್ಪಾಳೆ ತಟ್ಟಿದಾಗಲೇ ಅವಳಿಗೆ ಎಚ್ಚರವಾಗಿದ್ದು. ತಪ್ಪು ಮಾಡಿದವಳಂತೆ ತಿರುಗಿದಳು. ಅಪ್ಪ ಪರದೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತನ್ನ ಕೈಗಳನ್ನೇ ನೋಡುತ್ತಿದ್ದ. ಅಷ್ಟು ಹೊತ್ತೂ ಅವಳಿಗರಿವಿಲ್ಲದೆ ಅವಳ ಬೆರಳುಗಳು ಅವುಗಳೊಳಗೆ ಕುಣಿದಿದ್ದವು.

ಅವನು ಒಂದು ಕೈ ಬಿಡಿಸಿಕೊಂಡು ಕೇಳಿದ: "ಯಾಕೆ ನಿಲ್ಲಿಸಿದೆ? ಚೆನ್ನಾಗಿತ್ತು."