ರಬ್ಬರಿನ ಹುಳು

"ಏ ಕರೀಮ, ಒಂದು ಗೇಣು ವಾಲ್‌ಟ್ಯೂಬ್ ಕೊಡು," ಎಂದಳು ಹುಚ್ಚವ್ವ.

ಪಂಕ್ಚರ್ ಆದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ ಕರೀಮಸಾಬ ತಲೆ ಎತ್ತಿದ. ಹತ್ತಿಮತ್ತೂರಿನಲ್ಲಿ ಯಾರ ಮನೆಯಲ್ಲಿ ಸೈಕಲ್ ಇದೆ, ಯಾರ ಮನೆಯಲ್ಲಿ ಇಲ್ಲ ಎನ್ನುವುದು ಅವನಿಗೆ ಬಾಯಿಪಾಠ.

"ಸೈಕಲ್ ಯಾವಾಗ ತಗೊಂಡಿ ಯಕ್ಕಾ?"

"ಚೇಷ್ಟಿ ಬ್ಯಾಡ. ನೀ ಅದರಾಗ ಮೀನ ಹಿಡಿತಿಯಂತ, ನಿಮ್ಮವ್ವ ಹೇಳ್ಯಾಳ."

ಅವನ ತಾಯಿ ಇಮಾಮಬಿ ಊರಿನ ಸೂಲಗಿತ್ತಿ. ಹುಚ್ಚವ್ವನ ಮಗಳು ಸಾವಂತ್ರವ್ವನ ಚೊಚ್ಚಲ ಹೆರಿಗೆ ಮಾಡಿಸಿದವಳೂ ಅವಳೇ. ಕೂಸಿಗೆ ಹನ್ನೊಂದು ದಿನ. ತಾಯಿಯ ಎದೆಯಲ್ಲಿ ಹಾಲಿಲ್ಲ. ಆಡಿನ ಹಾಲು ಹಾಕಿದರೆ ಕಾರಿಕೊಳ್ಳುತ್ತಿತ್ತು. ಬೆಳಿಗ್ಗೆ ಬಂದ ಇಮಾಮಬಿ ಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಭಾರ ನೋಡಿ, ಮತ್ತೆ ಮಲಗಿಸಿದ್ದಳು. "ಕುಚ್ಚುಮೀನಿನ ಸಾರು ಕುಡಸು, ಹಾಲು ಇಳೀತಾವು. ತಡಾ ಮಾಡಬ್ಯಾಡವ್ವ," ಎಂದಿದ್ದಳು. ಆ ಕೊನೆಯ ಮಾತು ಕೇಳಿ ಹುಚ್ಚವ್ವ ನೇರ ಅಂಗಡಿಗೆ ಬಂದಿದ್ದಳು.

"ಶುಕ್ರವಾರ ಅಂಗಡಿ ಬಂದ್ ಇರತೈತಿ. ನಾನ ಹಿಡದು ಕೊಡ್ತೇನಿ," ಎಂದ ಕರೀಮಸಾಬ.

"ಇವತ್ತು ಸೋಮವಾರ. ಅಲ್ಲೀತನಕ ಕೂಸು ಏನ್ ಕುಡೀಬೇಕು, ನಿನ್ನ ಬೋಗುಣಿ ನೀರು?"

ಕರೀಮಸಾಬ ಟ್ಯೂಬನ್ನು ಬೋಗುಣಿಯಲ್ಲೇ ಬಿಟ್ಟು ಎದ್ದ. ಒಳಗಿನಿಂದ ತನ್ನ ಬಿದಿರಿನ ಗಾಳ ತಂದ. ಸೈಕಲ್ಲಿನ ಗಾಳಿ ಹಿಡಿದಿಡುವ ಆ ಸಣ್ಣ ರಬ್ಬರ್ ನಳಿಕೆ ಎರೆಹುಳದಷ್ಟೇ ದಪ್ಪ, ಎರೆಹುಳದಂತೆಯೇ ಬಳುಕುತ್ತಿತ್ತು. ಅದನ್ನು ಕತ್ತರಿಸಿ, ಒಣಮೀನು ನೆನೆಸಿದ ನೀರಿನಲ್ಲಿ ಹೊರಳಿಸಿ, ಗಾಳದ ಕೊಕ್ಕೆಗೆ ಪೋಣಿಸಿದ.

"ಖರೇ ಹುಳ ಹಾಕಿದ್ರ ಆಗಂಗಿಲ್ಲೇನು?"

"ಈ ಬಿಸಲಾಗ ಎರಿಹುಳ ಎಲ್ಲಿ ಸಿಗತಾವ ಯಕ್ಕಾ? ಸಿಕ್ಕರೂ ಸಣ್ಣ ಮೀನ ಕಿತ್ತು ತಿಂದಬಿಡತಾವು. ಇದನ್ನ ಕೀಳಾಕ ಆಗಂಗಿಲ್ಲ. ನೋಡಿಲ್ಲೆ, ಕೊಕ್ಕಿ ಮೊನಿ ರಬ್ಬರಿನೊಳಗ ಮುಚ್ಚೇನಿ. ಹೊರಗ ಬಂತಂದ್ರ ಜೊಂಡಿಗೆ ಸಿಗತೈತಿ. ಹುಳ ತಳಕ್ಕ ಮುಟ್ಟಲಿ. ಆಮ್ಯಾಲೆ ಒಂದೀಟ ಎತ್ತು, ಬಿಡು. ಎತ್ತು, ಬಿಡು. ಜೀವ ಇದ್ದಂಗ ಕಾಣಬೇಕು. ಟಕ್ ಅಂದ್ರ ಮಾತ್ರ ಎಳೀಬ್ಯಾಡ."

"ಮತ್ತ ಯಾವಾಗ ಎಳೀಲಿ?"

"ಬಾಯಾಗ ಹಿಡಕೊಂಡು, ದೂರ ಹೋಗಿ ನುಂಗತೈತಿ ಅದು. ಎಲಿಗೆ ಸುಣ್ಣ ಹಚ್ಚಿ ಬಾಯಾಗ ಹಾಕ್ಕೊಳ್ಳೂವಷ್ಟು ಹೊತ್ತು ಸುಮ್ಮನ ಇರು."

ಕೆರೆ ಅಂಗಡಿಯ ಎದುರಿಗೇ ಇತ್ತು. ನೀರು ಇಳಿದು ಜೊಂಡಿನ ಬುಡ ಕಾಣುತ್ತಿತ್ತು. ಹುಚ್ಚವ್ವ ಹುಣಸೆಮರದ ನೆರಳಿಗೆ ಕುಳಿತು ಹುಳ ಇಳಿಬಿಟ್ಟಳು. ತುಸು ಹೊತ್ತಿಗೆ ಟಕ್ ಎಂದಿತು. ಎಳೆದಳು. ರಬ್ಬರು ಅವಳ ತಲೆಯ ಮೇಲಿಂದ ಹಾರಿ ಹಿಂದೆ ಬಿತ್ತು. ಎರಡನೆಯ ಸಲ ಮುಂಗೈ ದಪ್ಪದ ಕಪ್ಪು ಬೆನ್ನೊಂದು ಮೇಲೆದ್ದು ಮುಳುಗಿಹೋಯಿತು. ಎಳೆಯಬಾರದೆಂದು ಅವಳಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹತ್ತಿ ಬಿಡಿಸಿದ ಕೈ ಅದು. ಕಂಡದ್ದನ್ನು ಕೀಳುವುದೊಂದೇ ಅದಕ್ಕೆ ರೂಢಿ.

"ಯಕ್ಕಾ, ಅದು ಹತ್ತಿಕಾಯಿ ಅಲ್ಲ," ಎಂದು ಅಂಗಡಿಯಿಂದ ಕೂಗಿದ ಕರೀಮಸಾಬ.

"ನೀ ಪಂಕ್ಚರ್ ಹಚ್ಚು."

ಮೂರನೆಯ ಸಲ ಇಳಿಬಿಟ್ಟು, ಕೋಲು ಜಾರದಿರಲೆಂದು ದಾರವನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು. ನೆರಳು ತಂಪಾಗಿತ್ತು. ಹನ್ನೊಂದು ದಿನದಿಂದ ಹಗಲು ಹೊಲ, ರಾತ್ರಿ ಕೂಸಿನ ಅಳು. ಬೆನ್ನು ನೆಲಕ್ಕೆ ತಾಗಿದ್ದೇ ಇಲ್ಲ. ತೂಕಡಿಕೆ ಬಂತು. ತಲೆ ಬಾಗಿದಂತೆ ಕೈ ಮೆಲ್ಲಗೆ ಇಳಿಯಿತು. ಬೆಚ್ಚಿದಂತಾಗಿ ಒಂದಿಷ್ಟು ಮೇಲೆದ್ದಿತು. ಮತ್ತೆ ಇಳಿಯಿತು. ನೀರಿನ ತಳದಲ್ಲಿ ರಬ್ಬರೂ ಹಾಗೆಯೇ ಏಳುತ್ತ ಬೀಳುತ್ತ ಇತ್ತು.

ಪಂಪು ಹೊಡೆಯುತ್ತಿದ್ದ ಕರೀಮಸಾಬ ಅದನ್ನು ನೋಡಿ ಕೈ ನಿಲ್ಲಿಸಿದ. ದಾರ ಒಮ್ಮೆ ನಡುಗಿತು. ಅವಳು ಎಳೆಯಲಿಲ್ಲ. ದಾರ ಓರೆಯಾಗಿ ಜೊಂಡಿನ ಕಡೆಗೆ ಸರಿಯಿತು. ಆಗಲೂ ಎಳೆಯಲಿಲ್ಲ. ಕೂಗಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ದಾರ ಬಿಗಿದು ಅವಳ ಮುಂಗೈಯನ್ನು ಜಗ್ಗಿತು. ಹುಚ್ಚವ್ವ ಏನು, ಎತ್ತ ಎಂದು ತಿಳಿಯದೆ ಎದ್ದು, ಎರಡೂ ಕೈಯಿಂದ ಎಳೆದಳು.

ಕೆಸರಿನಲ್ಲಿ ಒದ್ದಾಡುತ್ತಿದ್ದ ಕುಚ್ಚುಮೀನನ್ನು ಓಡಿಬಂದ ಕರೀಮಸಾಬ ಗೋಣಿಚೀಲ ಹಾಕಿ ಒತ್ತಿಹಿಡಿದ.

"ಏನ್ ಕೈ ಯಕ್ಕಾ ನಿಂದು. ಹತ್ತು ವರ್ಷ ಆತು, ನನಗ ಇಷ್ಟ ಚಂದ ಹುಳ ಆಡಸಾಕ ಬಂದಿಲ್ಲ."

"ಹನ್ನೊಂದು ದಿನ ನಿದ್ದಿ ಬಿಟ್ಟು ಬಾ, ನಿನಗೂ ಬರತೈತಿ."

ಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರನ್ನು ಸಾವಂತ್ರವ್ವ ಮುಖ ಕಿವಿಚಿಕೊಂಡು ಕುಡಿದಳು. ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಮಧ್ಯಾಹ್ನ ಹೊಲದಿಂದ ಬಂದ ಹುಚ್ಚವ್ವ ಬಾಣಂತಿ ಕೋಣೆಯ ಹೊರಗೆ ಗೋಡೆಗೆ ಒರಗಿದಳು. ಒಳಗೆ ಕೂಸು ಅಳುತ್ತಲೇ ಇತ್ತು. ಆ ಅಳುವಿನಲ್ಲೇ ಕಣ್ಣು ಮುಚ್ಚಿದವು.

ಒಮ್ಮೆಲೇ ಎಚ್ಚರವಾಯಿತು. ಯಾರೂ ಕರೆದಿರಲಿಲ್ಲ. ಮನೆಯಲ್ಲಿ ಎಲ್ಲಿಯೂ ಸಪ್ಪಳವಿರಲಿಲ್ಲ.

"ಸಾವಂತ್ರೀ," ಎಂದಳು. ಮತ್ತೊಮ್ಮೆ ಕರೆದಳು. ಎದ್ದಳು. ಗೋಡೆ ಹಿಡಿದು ಹೋಗಿ ಬಾಗಿಲು ದೂಡಿದಳು. ಮಗಳು ಕುಳಿತಲ್ಲೇ ನಿದ್ದೆ ಹೋಗಿದ್ದಳು. ಅವಳ ಮಡಿಲಲ್ಲಿ ಕೂಸೂ ಮಲಗಿತ್ತು, ಬಾಯಿ ಅರ್ಧ ತೆರೆದು. ಬಾಯಿಯ ಅಂಚಿನಿಂದ ಬೆಳ್ಳಗಿನ ಒಂದು ಎಳೆ ಕೆನ್ನೆಯ ಮೇಲೆ ಹರಿದು ಕಿವಿಯ ತನಕ ಹೋಗಿತ್ತು. ಹುಚ್ಚವ್ವ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದಳು.

ಬೆಚ್ಚಗಿತ್ತು.