ಚೀಲ ಬರಿದಾಗುವ ತನಕ

ಏಳು ಕಡಲು ದಾಟಿಯೇನಲ್ಲ, ಬಿಟಿಎಂ ಲೇಔಟಿನಿಂದ ಒಂದು ಆಟೋ ಹತ್ತಿ, ಕತ್ರಿಗುಪ್ಪೆಯ ಮನೆಯೊಂದಕ್ಕೆ ಸೊಸೆಯೊಬ್ಬಳು ಬಂದಳು. ಅಜ್ಜಿ ಹೇಳುವ ಕಥೆಗಳಲ್ಲಾದರೆ ಸೊಸೆಯರು ಮುತ್ತು ರತ್ನ ಹೊತ್ತು ತರುತ್ತಾರೆ. ಮೈತ್ರಿ ತಂದದ್ದು ಒಂದು ಬಟ್ಟೆಯ ಚೀಲ. ಅದರೊಳಗೆ ಪಿಜಿ ರೂಮಿನಲ್ಲಿ ಬಳಸಿ ಉಳಿದಿದ್ದ ಅರ್ಧ ಶಾಂಪೂ, ತಳ ಕಂಡಿದ್ದ ಕೊಬ್ಬರಿ ಎಣ್ಣೆ, ಬಾಲದಿಂದ ಸುರುಳಿ ಸುತ್ತಿಕೊಂಡು ಬಂದಿದ್ದ ಟೂತ್‌ಪೇಸ್ಟು, ಅಲ್ಲಾಡಿಸಿದರೆ ಮಾತ್ರ ಸದ್ದು ಮಾಡುವ ಪೌಡರ್ ಡಬ್ಬಿ. ಜೊತೆಗೊಂದು ಗುಲಾಬಿ ಸೋಪಿನ ಅರ್ಧ ಹೋಳು. ಇಡೀ ಸೋಪನ್ನು ಹಾರೋಹಳ್ಳಿಯಲ್ಲಿ ಅವಳಮ್ಮ ಯಲ್ಲಮ್ಮ ದಾರದಿಂದ ನೀಟಾಗಿ ಎರಡಾಗಿ ಕೊಯ್ದು, ಒಂದನ್ನು ತನಗಿಟ್ಟುಕೊಂಡು ಇನ್ನೊಂದನ್ನು ಮಗಳ ಕೈಗಿತ್ತಿದ್ದಳು.

“ಇಷ್ಟೂ ಮುಗಿಯೋ ತನಕ ನನಗೆ ಅಂತ ಹೊಸದು ಏನೂ ತರಿಸಬೇಡಿ ಅತ್ತೆ. ನಾನೂ ತರಲ್ಲ. ಸುಮ್ನೆ ಮನೆ ತುಂಬಾ ಬಾಟ್ಲಿ ಆಗುತ್ತೆ,” ಎಂದು ಬಂದ ದಿನವೇ ಮಾತು ಕೊಟ್ಟಳು.

ಅತ್ತೆ ಸತ್ಯಭಾಮಾ ಚೀಲವನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. “ಆಯ್ತಮ್ಮ,” ಎಂದು ಒಳಗೆ ಹೋದರು. ಆ ಒಂದು ‘ಆಯ್ತಮ್ಮ’ದೊಳಗೆ ಏನಿತ್ತೆಂದು ಮೈತ್ರಿ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಬಚ್ಚಲುಮನೆಯ ಗೂಡಿನಲ್ಲಿ ಅತ್ತೆಯ ಗಂಧದ ಸೋಪು ಉದ್ದನೆಯ ತಟ್ಟೆಯಲ್ಲಿ ಕೂತಿರುತ್ತಿತ್ತು. ಮೈತ್ರಿ ತನ್ನ ಗುಲಾಬಿ ಹೋಳನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಟ್ಟು ಮೂಲೆಗೆ ಸರಿಸಿದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಆದರೆ ಅವಳ ಅಜ್ಜಿಯ ಕಥೆಗಳೆಲ್ಲ ರಾಜಕುಮಾರಿಯರ ಕಥೆಗಳಾಗಿರಲಿಲ್ಲ. ದೊಡ್ಡ ಮನೆಗಳ ಹಿತ್ತಿಲಲ್ಲಿ ತಮ್ಮ ಕೇರಿಯವರಿಗೆಂದೇ ಬೇರೆ ಲೋಟ ಬೋರಲು ಹಾಕಿರುತ್ತಿದ್ದ ಕಥೆಯನ್ನೂ ಅಜ್ಜಿ ಅಷ್ಟೇ ಮೆಲ್ಲಗೆ ಹೇಳಿದ್ದಳು. ಬೇರೆಯವರು ಬೇರೆ ಇಡುವ ಮುಂಚೆ ತಾನೇ ಇಟ್ಟುಕೊಂಡರೆ ನೋವು ಕಡಿಮೆ ಎಂದುಕೊಂಡಿದ್ದಳು ಮೈತ್ರಿ.

ಚೀಲದಲ್ಲಿದ್ದವು ಒಂದೊಂದಾಗಿ ಕರಗುತ್ತಾ ಬಂದವು. ಶಾಂಪೂ ಬಾಟಲಿಗೆ ನೀರು ಹಾಕಿ ಕುಲುಕಿದಳು. ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಬೋರಲಿಟ್ಟಳು. ಟೂತ್‌ಪೇಸ್ಟಿನ ಹೊಟ್ಟೆಗೆ ಕತ್ತರಿ ಹಾಕುತ್ತಿದ್ದಾಗ ಗಂಡ ಆಶ್ರಿತ್ ಹಿಂದೆ ಬಂದು ನಿಂತ.

“ಏನೇ ಇದು, ಪೋಸ್ಟ್‌ಮಾರ್ಟಮ್ಮಾ?”

“ಒಳಗೆ ಇನ್ನೂ ಇದೆ. ಬೇಕಾ?”

“ಬೇಡ ತಾಯಿ, ನಿನ್ನ ಆಸ್ತಿ ನಿನಗಿರಲಿ.”

ಖಾಲಿಯಾದದ್ದನ್ನು ತೊಳೆದು ಒಣಕಸದ ಬುಟ್ಟಿಗೆ ಹಾಕುವಾಗ ಮೈತ್ರಿ ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದಿರುತ್ತಿದ್ದಳು. ಮೊದಲ ಕೆಲಸದ ಇಂಟರ್‌ವ್ಯೂಗೆ ಹೋದ ದಿನ ಕೂದಲಿಗೆ ಹೊಳಪು ಕೊಟ್ಟದ್ದು ಇದೇ ಶಾಂಪೂ. ಪಿಜಿಯಲ್ಲಿ ಜ್ವರದಿಂದ ಮಲಗಿದ್ದಾಗ ಪಕ್ಕದ ಮಂಚದ ಶೃತಿ ನೆತ್ತಿಗೆ ತಟ್ಟಿದ್ದು ಇದೇ ಎಣ್ಣೆ. ಯಾರಿಗೂ ಕೇಳದ ಹಾಗೆ “ಹೋಗಿ ಬಾ” ಎಂದು ಬೀಳ್ಕೊಡುತ್ತಿದ್ದಳು.

ಕಡೆಗೆ ಉಳಿದದ್ದು ಅಮ್ಮ ಯಲ್ಲಮ್ಮನ ಸೋಪು. ತುಳಸಿ ಎಲೆಯಷ್ಟು ತೆಳ್ಳಗಾಗಿದ್ದ ಅದು ಒಂದು ಭಾನುವಾರ ಬೆಳಗ್ಗೆ ಕೈಜಾರಿ ನೀರು ಹೋಗುವ ಜಾಲರಿಗೆ ಸಿಕ್ಕಿಕೊಂಡಿತು. ಬಟ್ಟೆ ತೊಟ್ಟು ಬಾಗಿಲು ತೆಗೆದವಳು ಮತ್ತೆ ಒಳಗೆ ಹೋಗಿ, ಮಂಡಿಯೂರಿ, ತಲೆಯ ಪಿನ್ನಿನಿಂದ ಅದನ್ನು ಮೀಟತೊಡಗಿದಳು.

“ಏನು ಬಿತ್ತೇ, ಓಲೆನಾ?” ಸತ್ಯಭಾಮಾ ಬಾಗಿಲಲ್ಲಿ ನಿಂತಿದ್ದರು.

“ಅಲ್ಲ ಅತ್ತೆ. ಸೋಪಿನ ಚೂರು.”

“ಅಷ್ಟು ದೊಡ್ಡ ಸೋಪು ಅಲ್ಲೇ ಕೂತಿದೆ. ಅದಕ್ಕೇನು ಮುಳ್ಳಿದೆಯಾ?”

ಮೈತ್ರಿ ಪಿನ್ನನ್ನು ಜಾಲರಿಯೊಳಗೆ ಇನ್ನಷ್ಟು ತೂರಿಸಿದಳು.

“ನಾನೂ ನೋಡ್ತಾನೇ ಇದೀನಿ. ಬಂದಾಗಿಂದ ನಮ್ಮನೆ ಎಣ್ಣೆ ಮುಟ್ಟಲ್ಲ, ಸೋಪು ಮುಟ್ಟಲ್ಲ. ನಮ್ಮದು ನಿನಗೆ ಸೇರಲ್ವೋ...” ಅವರ ದನಿ ಇಳಿಯಿತು. “ಇಲ್ಲ, ಯಾವತ್ತು ಬೇಕಾದ್ರೂ ಹೊರಟುಬಿಡೋಣ ಅಂತ ಆ ಚೀಲ ಬೇರೆ ಇಟ್ಟಿದೀಯೋ.”

ಮೈತ್ರಿ ಬೆರಗಾಗಿ ತಲೆಯೆತ್ತಿದಳು. “ನಾನು ಮುಟ್ಟಿದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ, ಅತ್ತೆ.”

“ನಾನು ಹಾಗಂದ್ನಾ?”

“ಇಲ್ಲ. ಮುಟ್ಟು ಅಂತಾನೂ ಅನ್ನಲಿಲ್ಲ.”

ಸತ್ಯಭಾಮಾ ಹಿಡಿದಿದ್ದ ಚಿಲಕ ಬಿಟ್ಟರು. “ಅದು ನಿಜ,” ಅಂದರು. “ಅನ್ನಬೇಕಿತ್ತು.”

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಬಂದು, “ಕೊಡಿಲ್ಲಿ,” ಎಂದು ಕೈ ಚಾಚಿದರು. ಜಾಲರಿಯಿಂದ ಬಿಡಿಸಿದ ಚೂರನ್ನು ನಲ್ಲಿಯಡಿ ತೊಳೆದರು. ತಮ್ಮ ಗಂಧದ ಸೋಪನ್ನೂ ಒದ್ದೆ ಮಾಡಿ, ಅದರ ಬೆನ್ನಿಗೆ ಗುಲಾಬಿ ಚೂರನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅಂಚುಗಳನ್ನು, ಹೋಳಿಗೆಯ ಕಣಕ ಮುಚ್ಚುವ ಹಾಗೆ, ಸುತ್ತಲೂ ಸವರಿದರು.

“ನಮ್ಮಮ್ಮನೂ ಹೀಗೇ ಅಂಟಿಸೋದು,” ಎಂದಳು ಮೈತ್ರಿ.

“ಮತ್ತೆ? ಸೋಪನ್ನ ಯಾರಾದ್ರೂ ಬಿಸಾಕ್ತಾರೇನೇ.” ಸತ್ಯಭಾಮಾ ಅದನ್ನು ಉದ್ದ ತಟ್ಟೆಯಲ್ಲಿಟ್ಟು, ಮೂಲೆಯ ಸಣ್ಣ ಡಬ್ಬಿಯನ್ನು ಸೊಸೆಯ ಕೈಗೆ ಹಾಕಿದರು. “ಇದರಲ್ಲಿ ಪಿನ್ನು ಇಟ್ಕೋ, ಹೋಗು.”

ಮರುದಿನ ಮೈತ್ರಿ ಏಳುವಷ್ಟರಲ್ಲಿ ಅತ್ತೆಯ ಸ್ನಾನವಾಗಿತ್ತು. ಬಚ್ಚಲುಮನೆಯಲ್ಲಿ ಗಂಧದ ಸೋಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗುಲಾಬಿಯ ಚೂರು ಎಲ್ಲೂ ಉಳಿದಿರಲಿಲ್ಲ.

ಹೊರಗೆ ಸತ್ಯಭಾಮಾ, ಹೂವಿನ ಬುಟ್ಟಿ ಹಿಡಿದು, ಮೈತುಂಬಾ ಯಲ್ಲಮ್ಮನ ಸೋಪಿನ ಘಮ ಹೊತ್ತು, ದೇವರ ಕೋಣೆಯ ಹೊಸಿಲು ದಾಟುತ್ತಿದ್ದರು.